ಐಸಣ್ಣನ ಉಪಾಯ

ಶೈಲೇಶನ ಫೋನು ಬಿಸಿಯೇರಿತೆಂದರೆ ಆ ಮನೆಯಲ್ಲಿ ಉಳಿದವರೆಲ್ಲ ಬೆವರಬೇಕಿತ್ತು. ಮನೆಯಲ್ಲಿದ್ದುದು ಒಂದೇ ಒಂದು ಸ್ಟ್ಯಾಂಡ್ ಫ್ಯಾನು, ಅದರ ಮುಖ ಫೋನಿನ ಕಡೆಗೆ. ನಸುಕಿನಲ್ಲೆದ್ದು ಗಂಗೊಳ್ಳಿ ಬಂದರಿಗೆ ಹೋಗಿ, ಹರಾಜಿನಲ್ಲಿ ಮೀನು ಕೊಂಡು, ತ್ರಾಸಿ ಹೆಮ್ಮಾಡಿ ಎಂದು ಮನೆಮನೆ ತಿರುಗಿ ಮಾರಿ ಮಧ್ಯಾಹ್ನ ಮರಳುವ ಅವನ ತಾಯಿ ಜಲಜ ಸೆರಗಿನಿಂದಲೇ ಗಾಳಿ ಹಾಕಿಕೊಳ್ಳಬೇಕಿತ್ತು. ಫೋನು ಮಾತ್ರ ಬೆನ್ನಿಗೆ ಒದ್ದೆ ಕರವಸ್ತ್ರ ಹೊದ್ದು, ಸ್ಟೀಲಿನ ಬಟ್ಟಲ ಮೇಲೆ ಮಲಗಿ, ಬಾಣಂತಿಯ ಹಾಗೆ ಆರೈಕೆ ಮಾಡಿಸಿಕೊಳ್ಳುತ್ತಿತ್ತು.

"ಹ್ವಾಯ್, ಫ್ಯಾನ್ ಆಚೆ ತಿರ್ಗ್ಸ್ಬೇಡಿ! ಈಗ ಫೋನ್ ನಿಂತ್‌ಹೋಯ್ರೆ ನಾಲ್ಕ್ ಜನ ನನ್ನಿಂದ ಸಾಯ್ತ್ರ್!" ಎಂದು ಅವನು ಕೂಗಿಕೊಳ್ಳುತ್ತಿದ್ದ. ಸಾಯುವ ಆ ನಾಲ್ಕು ಜನ ಎಲ್ಲಿಯವರೋ, ಯಾರೋ. ಬಂದೂಕು ಹಿಡಿದು ಒಬ್ಬರನ್ನೊಬ್ಬರು ಬೇಟೆಯಾಡುವ ಆಟದಲ್ಲಿ ಅವನ ತಂಡದವರು. ಅವನೇ ತಂಡದ ನಾಯಕ.

ಜಗಲಿಯ ಮೂಲೆಯಲ್ಲಿ ಕೂತು ಅವನ ಹೆಂಡತಿ ಸುಗುಣ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿನವನು ಒಂದಿಷ್ಟಾದರೂ ಲೆಕ್ಕಕ್ಕೆ ಬರಬೇಕು. ಮದುವೆಯಾದ ಆರು ವರ್ಷಗಳಲ್ಲಿ ಶೈಲೇಶ ಮುಂಬಯಿಯ ಕ್ಯಾಂಟೀನು ಬಿಟ್ಟು ಬಂದ, ಬೋಟಿಗೆ ಹೋಗಿ ಬೆನ್ನುನೋವೆಂದು ಬಿಟ್ಟ, ಕೊಲ್ಲೂರಿನ ಲಾಡ್ಜೊಂದರಲ್ಲಿ ರೂಮ್‌ಬಾಯ್ ಆಗಿ ಸೇರಿ ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಹನ್ನೊಂದನೇ ದಿನಕ್ಕೆ ಮನೆಗೆ ಬಂದ. ಆಗಲೇ ಅವಳು ಅವನಿಂದ ಏನನ್ನೂ ನಿರೀಕ್ಷಿಸುವುದನ್ನು ಬಿಟ್ಟಿದ್ದಳು. ಬಿಟ್ಟ ಮೇಲೆ ಉಳಿದದ್ದು ತಾತ್ಸಾರ. ಅದನ್ನವಳು ಬಾಯಲ್ಲಿ ಆಡುತ್ತಿರಲಿಲ್ಲ. ಅವನ ತಟ್ಟೆಗೆ ಗಂಜಿ ಬಡಿಸುವಾಗ ಸೌಟನ್ನು ಒಂದು ಗೇಣು ಮೇಲಿನಿಂದ ಬಗ್ಗಿಸುತ್ತಿದ್ದಳು, ಅಷ್ಟೇ.

ಸುಗುಣಳದ್ದು ಮೊಬೈಲ್ ರಿಪೇರಿಯ ಕಸುಬು. ಬ್ರಹ್ಮಾವರದಲ್ಲಿ ಮೂವತ್ತು ದಿನಗಳ ಉಚಿತ ತರಬೇತಿಯಿದೆಯೆಂದು ಮಹಿಳಾ ಸಂಘದಲ್ಲಿ ಗೊತ್ತಾದಾಗ ಉಳಿದ ಹೆಂಗಸರು ಹೊಲಿಗೆಗೆ ಹೆಸರು ಕೊಟ್ಟರು, ಇವಳು ಫೋನು ಬಿಚ್ಚುವುದಕ್ಕೆ ಕೊಟ್ಟಳು. ಇಪ್ಪತ್ತೆಂಟು ಗಂಡಸರ ನಡುವೆ ಒಬ್ಬಳೇ ಕೂತು ಕಲಿತು ಬಂದಳು. ಜಗಲಿಯ ಕಿಟಕಿಗೆ ಒಂದು ಹಲಗೆ ಬಡಿದು, ಬೆಸುಗೆ ಹಾಕುವ ಕಡ್ಡಿ, ಭೂತಗನ್ನಡಿ, ಸಣ್ಣ ಸ್ಕ್ರೂಡ್ರೈವರುಗಳ ಡಬ್ಬಿ ಇಟ್ಟುಕೊಂಡಳು. ಮೂರು ವರ್ಷಗಳಲ್ಲಿ ಬಂದರಿನ ಅರ್ಧಕ್ಕರ್ಧ ಫೋನುಗಳು ಆ ಕಿಟಕಿಯ ಮೂಲಕ ಹಾದುಹೋಗಿದ್ದವು. ಗಂಡನ ಫೋನು ಮಾತ್ರ ಒಮ್ಮೆಯೂ ಅಲ್ಲಿಗೆ ಬಂದಿರಲಿಲ್ಲ.

೨೦೧೯ರ ಏಪ್ರಿಲ್ ತಿಂಗಳು. ಸೆಕೆ ಎಷ್ಟಿತ್ತೆಂದರೆ ಮಧ್ಯಾಹ್ನ ಹೆಂಚಿನ ಮಾಡಿನ ಕೆಳಗೆ ಕೂತರೆ ರೊಟ್ಟಿ ಬೆಂದಂತೆ ಬೇಯಬೇಕು. ಶೈಲೇಶನ ಫೋನು ದಿನಕ್ಕೆ ನಾಲ್ಕು ಸಲ ಆಟದ ನಡುವೆ ನಿಂತುಹೋಗತೊಡಗಿತು. ಸುಗುಣ ಒಮ್ಮೆ ತಡೆಯಲಾರದೆ ಹೇಳಿದಳು.

"ಆ ದಪ್ಪ ಕವರ್ ತೆಗೀರಿ. ಚಾರ್ಜಿಗೆ ಹಾಕ್ಕಂಡ್ ಆಡ್ಬೇಡಿ. ಪರದೆ ಬೆಳ್ಕ್ ಒಂಚೂರ್ ಕಮ್ಮಿ ಮಾಡಿ. ಒಂದ್ ಆಟ ಮುಗ್ದ್‌ಮೇಲೆ ನೆರಳಗೆ ಸುಮ್ನೆ ಬಿಡಿ, ಅದೇ ತಣ್ಗಾತ್ತ್."

ಶೈಲೇಶ ಪರದೆಯಿಂದ ಕಣ್ಣು ಕೀಳದೆ ನಕ್ಕ. "ಮೂವತ್ತ್ ದಿನ ಬ್ರಹ್ಮಾವರದಗೆ ಬೆಂಚ್ ಬಿಸಿ ಮಾಡಿ ಬಂದ್ ನಂಗೆ ಪಾಠ ಹೇಳ್ತ್ಯಾ? ಬೆಳ್ಕ್ ಕಮ್ಮಿ ಮಾಡ್ರೆ ವೈರಿ ಕಾಂತಿಲ್ಲೆ. ಇದೆಲ್ಲ ನಿಂಗೆ ಗೊತ್ತಾಪುದ್ದಲ್ಲ. ನೀ ಆ ಹೆಂಗ್ಸ್ರ್ ಬಟನ್ ಫೋನ್ ರಿಪೇರಿ ಮಾಡ್ಕಂಡ್ ಇರ್."

ಆಮೇಲೆ ಅವಳು ಹೇಳಲಿಲ್ಲ.

ಐಸಿನ ಯೋಚನೆ ಅವನ ತಲೆಗೆ ಬಂದದ್ದು ಅಮ್ಮನ ಮೀನಿನ ಪೆಟ್ಟಿಗೆ ನೋಡಿ. ಜಲಜ ಮಾರಿ ಉಳಿದ ನಾಲ್ಕು ಬಂಗುಡೆಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸಿನ ನಡುವೆ ಇಟ್ಟು ಜಗಲಿಯಲ್ಲಿ ಬಿಟ್ಟಿದ್ದಳು. ಶೈಲೇಶ ಕಾದ ಫೋನನ್ನು ಖಾಲಿ ಹಾಲಿನ ಪ್ಯಾಕೆಟ್ಟಿನೊಳಗೆ ತುರುಕಿ, ಬಂಗುಡೆಗಳ ಪಕ್ಕದಲ್ಲಿ ಮಲಗಿಸಿ, ಹತ್ತು ನಿಮಿಷ ಬಿಟ್ಟು ತೆಗೆದ. ಫೋನು ಮಂಜುಗಡ್ಡೆಯಂತೆ ತಣ್ಣಗಾಗಿತ್ತು. ಆಟ ಎರಡು ಸುತ್ತು ನಿಲ್ಲದೆ ಓಡಿತು.

ಇದನ್ನು ನೋಡಿದ ಜಲಜ ಎಲೆಯಡಿಕೆ ಉಗಿದು ಹೇಳಿದಳು: "ಐಸ್ ಇಪ್ಪುದ್ ಸತ್ತದ್ದಕ್ಕ್ ಮಾಣಿ, ಜೀವ ಇಪ್ಪುದಕ್ಕಲ್ಲ."

ಶೈಲೇಶನಿಗೆ ಅದು ಕೇಳಿಸಲಿಲ್ಲ. ಅವನಾಗಲೇ ಪಕ್ಕದ ಮನೆಯವರ ಫೋನು ತಂದು, ವಿಡಿಯೊ ಮಾಡಲು ಸಜ್ಜಾಗಿದ್ದ. ಕೂದಲಿಗೆ ಎಣ್ಣೆ ಹಚ್ಚಿ, ಕಪ್ಪು ಕನ್ನಡಕ ಹಾಕಿ, ಮೀನಿನ ಪೆಟ್ಟಿಗೆಯ ಮುಂದೆ ಕೂತು ಹೇಳಿದ: "ಕಾಣಿ ದೋಸ್ತಿಗಳೇ, ಫೋನ್ ಬಿಸಿ ಆತ್ತಾ? ಸಾವ್ರಗಟ್ಲೆ ಕೊಟ್ಟ್ ಕೂಲರ್ ಎಂತಕ್ಕೆ? ಗಂಗೊಳ್ಳಿ ಐಸ್ ಇತ್ತಲ್ದಾ! ಹತ್ತ್ ನಿಮಿಷ ಸಾಕ್!"

ಒಂದು ವಾರದೊಳಗೆ ಆ ವಿಡಿಯೊವನ್ನು ನಲವತ್ತು ಸಾವಿರ ಜನ ನೋಡಿದರು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹುಡುಗರು ಅವನನ್ನು ಐಸಣ್ಣ ಎಂದು ಕರೆಯತೊಡಗಿದರು. ಕುಂದಾಪುರದ ಬಸ್ ನಿಲ್ದಾಣದಲ್ಲಿ ಇಬ್ಬರು ಅವನ ಜೊತೆ ಫೋಟೊ ತೆಗೆಸಿಕೊಂಡರಂತೆ. ಅದನ್ನು ಅವನು ಮನೆಗೆ ಬಂದು ಮೂರು ಸಲ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಏನನ್ನೋ ಸಾಧಿಸಿದವನ ಹಾಗೆ ಅವನ ನಡಿಗೆಯೇ ಬದಲಾಯಿತು. ಎದೆ ಮುಂದೆ, ಹೊಟ್ಟೆ ಅದಕ್ಕಿಂತ ಮುಂದೆ.

ಸುಗುಣಳ ಕಿಟಕಿಗೆ ಮೊದಲ ಫೋನು ಬಂದದ್ದು ಆ ವಿಡಿಯೊ ಹಾಕಿದ ಐದನೇ ದಿನ. ತಂದವನು ಬೋಟಿನಲ್ಲಿ ಅಡುಗೆ ಮಾಡುವ ಪದ್ದು. ಫೋನು ಕೈಗೆ ತೆಗೆದುಕೊಂಡ ಕೂಡಲೇ ಅವಳಿಗೆ ಬಂಗುಡೆಯ ವಾಸನೆ ಬಡಿಯಿತು. ಹಿಂಬದಿ ಬಿಚ್ಚಿದಳು. ಬ್ಯಾಟರಿಯ ಪಕ್ಕದಲ್ಲಿ ಅಂಟಿಸಿರುವ ಅಕ್ಕಿಕಾಳಿನಷ್ಟು ಬಿಳಿ ಚೀಟಿ ಕೆಂಪಾಗಿತ್ತು. ನೀರು ತಾಗಿದರೆ ಅದು ಕೆಂಪಾಗುತ್ತದೆ.

"ನೀರಿಗೆ ಬಿತ್ತಾ ಪದ್ದಣ್ಣ?"

"ಇಲ್ಲೆ ಮಾರಾಯ್ತಿ. ನಿನ್ ಗಂಡ ಹೇಳ್ದಾಂಗೇ ಐಸಗಿಟ್ಟೆ. ಪ್ಲಾಸ್ಟಿಕ್ ಸುತ್ತೇ ಇಟ್ಟದ್. ಒಂದ್ ಹನಿ ಒಳ್ಗೆ ಹೋಗ್ಲಿಲ್ಲ."

ಸುಗುಣಳಿಗೆ ಎಲ್ಲ ಅರ್ಥವಾಯಿತು. ಸೆಕೆಯಲ್ಲಿ ಐಸ್‌ನೀರು ತುಂಬಿದ ಚೊಂಬಿಟ್ಟರೆ ಅದರ ಮೈ ಹೇಗೆ ಬೆವರುತ್ತದೋ ಫೋನೂ ಹಾಗೇ ಬೆವರಿತ್ತು. ನೀರು ಹೊರಗಿನಿಂದ ಬರಬೇಕಾಗಿಲ್ಲ. ಕಡಲತಡಿಯ ಗಾಳಿಯಲ್ಲೇ ಬೇಕಾದಷ್ಟಿದೆ. ತಣ್ಣಗಾದ ಫೋನನ್ನು ಹೊರಗೆ ತೆಗೆದೊಡನೆ ಗಾಳಿಯ ಪಸೆ ಒಳಗೆ ಹನಿಗಟ್ಟಿ, ಬೋರ್ಡಿನ ಮೇಲೆ ಕೂತು, ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಶೈಲೇಶನ ದುಬಾರಿ ಫೋನಿಗೆ ನೀರು ನುಗ್ಗದ ಹಾಗೆ ಒಳಗೆ ರಬ್ಬರು ಪಟ್ಟಿಯಿತ್ತು, ಅದು ಇಷ್ಟು ದಿನ ತಡೆದುಕೊಂಡಿತ್ತು. ಪದ್ದುವಿನ ಫೋನಿಗೆ ಅದಿರಲಿಲ್ಲ.

ಇದನ್ನವಳು ಪದ್ದುವಿಗೆ ಹೇಳಬಹುದಿತ್ತು. ಒಳಗೆ ಫ್ಯಾನಿನ ಮುಂದೆ ಬಿದ್ದುಕೊಂಡಿದ್ದ ಗಂಡನಿಗೆ ಹೇಳಬಹುದಿತ್ತು. "ನಾಳೆ ಬನ್ನಿ, ಕಾಂಬ," ಎಂದಳಷ್ಟೇ. ಪದ್ದು ಹೋದ ಮೇಲೆ ಆ ಕೆಂಪು ಚೀಟಿಯನ್ನು ಚಿಮಟದಿಂದ ಎಬ್ಬಿಸಿ, ಸ್ಕ್ರೂ ಇಡುವ ತಗಡಿನ ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಸಿದಳು. ಯಾಕೆ ಅಂಟಿಸಿದಳೆಂದು ಕೇಳಿದ್ದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಆದರೆ ಅಂಟಿಸುವಾಗ ಎದೆಯಲ್ಲಿ ಒಂದು ಬಗೆಯ ಹಿತವಾಯಿತು. ನೋಯುವ ಹಲ್ಲನ್ನು ನಾಲಿಗೆಯಿಂದ ಒತ್ತಿದಾಗ ಆಗುವಂಥ ಹಿತ.

ಆಮೇಲೆ ಮರವಂತೆಯಿಂದ ಒಂದು, ಕೋಟೇಶ್ವರದಿಂದ ಎರಡು, ಗಂಗೊಳ್ಳಿಯಿಂದಲೇ ಒಂಬತ್ತು. ಪ್ರತಿಯೊಂದರೊಳಗೂ ಕೆಂಪು ಚೀಟಿ. ಅವಳು ಬ್ರಷ್ಷಿನಿಂದ ಕಿಲುಬು ತೊಳೆದು, ಒಣಗಿಸಿ, ಬದುಕುವಂಥವನ್ನು ಬದುಕಿಸಿದಳು. ಕೆಲವು ಬದುಕಲಿಲ್ಲ. ಒಳಗಿನಿಂದ ಶೈಲೇಶನ ದನಿ ಕೇಳುತ್ತಿತ್ತು: "ನಮ್ ಉಪಾಯ ಎಂಥದ್ ದೋಸ್ತಿ! ಅರ್ವತ್ತ್ ಸಾವ್ರ ದಾಂಟ್ತ್!" ಸುಗುಣ ತಲೆ ತಗ್ಗಿಸಿ ಮುಗುಳ್ನಗುತ್ತಿದ್ದಳು. ಮುಚ್ಚಳದಲ್ಲಿ ಚೀಟಿಗಳ ಸಾಲು ಉದ್ದವಾಗುತ್ತಿತ್ತು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮನೆಯ ಮುಂದೆ ಆಟೊ ನಿಂತಿತು. ಅದರಿಂದ ಕೊಡೆ ಊರುತ್ತ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಇಳಿದರು. ಬೈಂದೂರಿನ ಅಮ್ಮಣ್ಣಿ. ಗದ್ದೆ ತೋಟ ಇದ್ದ ಮನೆತನ, ಈಗ ಮಕ್ಕಳಿಬ್ಬರೂ ಹೆದ್ದಾರಿ ಬದಿಯಲ್ಲಿ ಹೋಟೆಲು ನಡೆಸುತ್ತಾರೆ. ಮನೆ ತುಂಬ ಸೊಸೆಯಂದಿರು, ಮೊಮ್ಮಕ್ಕಳು, ಆಳುಕಾಳು. ಅವರೆಲ್ಲರಿಗೂ ಅಪ್ಪಣೆ ಕೊಟ್ಟು ರೂಢಿಯಾದ ದನಿಯಲ್ಲಿ ಅವರು ಅಂಗಳದಿಂದಲೇ ಕೇಳಿದರು:

"ಹ್ವಾಯ್! ಐಸಣ್ಣ ಅಂದ್ರೆ ಯಾರ್ ಇಲ್ಲಿ?"

ಶೈಲೇಶ ಒಳಗಿನಿಂದ ಕೂದಲು ಬಾಚಿಕೊಳ್ಳುತ್ತಲೇ ಓಡಿ ಬಂದ. "ನಾನೇ ಅಮ್ಮ. ಬನ್ನಿ, ಕೂಕಣಿ. ಫೋಟೊ ಬೇಕಿತ್ತಾ?"

ಅಮ್ಮಣ್ಣಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸಂತೆಯಲ್ಲಿ ಕೊಳೆತ ಬದನೆಕಾಯಿ ನೋಡುವ ನೋಟ. "ಫೋಟೊ ತೆಗ್ಯುಕೆ ಫೋನ್ ಎಲ್ಲಿತ್ತ್ ಮಾಣಿ? ಅದನ್ನ್ ಕೊಂದದ್ದೇ ನೀನಲ್ದಾ?"

ಅವರು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಅದರೊಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಫೋನನ್ನು ಜಗಲಿಯ ಮೇಲಿಟ್ಟರು. ಕತೆಯನ್ನು ನಿಂತಲ್ಲೇ ಹೇಳಿದರು. ಬಣ್ಣದ ಗುಂಡುಗಳನ್ನು ಸಾಲುಗೂಡಿಸಿ ಒಡೆಯುವ ಆಟವೊಂದನ್ನು ಅವರು ಮೂರು ವರ್ಷಗಳಿಂದ ಆಡುತ್ತ ಬಂದಿದ್ದರು. ಮುಂಬಯಿಯ ಮುಲುಂಡಿನಲ್ಲಿರುವ ತಂಗಿಯ ಜೊತೆ ಪೈಪೋಟಿ. ತಂಗಿ ಸಾವಿರದ ಮುನ್ನೂರರಲ್ಲಿ ತಿಣುಕುತ್ತಿದ್ದಾಗ ಇವರು ಸಾವಿರದ ನಾನೂರ ಹನ್ನೆರಡನೇ ಮೆಟ್ಟಿಲಿಗೆ ಏರಿದ್ದರು. ಅಷ್ಟರಲ್ಲಿ ಸೆಕೆಗಾಲ ಬಂತು, ಫೋನು ಬಿಸಿಯಾಗಿ ಆಟ ತಡವರಿಸಿತು. ಮೊಮ್ಮಗಳು ಐಸಣ್ಣನ ವಿಡಿಯೊ ತೋರಿಸಿದಳು. ಅಮ್ಮಣ್ಣಿ ಹೇಳಿದ್ದನ್ನು ಹೇಳಿದಂತೆ ಮಾಡುವ ಹೆಂಗಸು. ಫ್ರಿಜ್ಜಿನ ಐಸಿನಲ್ಲಿ, ಮಾವಿನ ರಸದ ಡಬ್ಬಿಯ ಪಕ್ಕದಲ್ಲಿ, ಗಡಿಯಾರ ನೋಡಿ ಹತ್ತು ನಿಮಿಷ ಇಟ್ಟರು. ಮೂರನೇ ದಿನ ಫೋನು ಕಣ್ಣುಮುಚ್ಚಿತು.

"ನೀವ್ ಸರಿ ಇಡ್ಲಿಲ್ಲ ಕಾಂತ್," ಎಂದ ಶೈಲೇಶ. "ನಂದ್ ಕಾಣಿ, ಒಳ್ಳೆ ಓಡ್ತಿತ್ತ್."

"ಹಾಂಗಾರೆ ನೀನೇ ಸರಿ ಮಾಡಿ ಕೊಡ್. ನಾ ಇಲ್ಲೇ ಕೂಕಂತೆ." ಅಮ್ಮಣ್ಣಿ ಕೊಡೆ ಮಡಚಿ ಗೋಡೆಗಾನಿಸಿ ಬೆಂಚಿನ ಮೇಲೆ ಕೂತೇಬಿಟ್ಟರು.

ಬೇಲಿಯಾಚೆ ನಾಲ್ಕೈದು ಜನ ಸೇರಿದ್ದರು. ತನಗೆ ಗೊತ್ತಿಲ್ಲವೆಂದು ಹೇಳುವುದಕ್ಕೆ ಐಸಣ್ಣನಿಗೆ ಆಗುವುದುಂಟೆ? ಅವನು ಗತ್ತಿನಿಂದ ಬಂದು ಸುಗುಣಳ ಸ್ಟೂಲಿನ ಮೇಲೆ ಕೂತ. ಮೂರು ವರ್ಷಗಳಲ್ಲಿ ಮೊದಲ ಸಲ. ಇದ್ದುದರಲ್ಲಿ ದೊಡ್ಡ ಸ್ಕ್ರೂಡ್ರೈವರನ್ನೇ ಆರಿಸಿಕೊಂಡ. ಅದು ಹೊಂದಲಿಲ್ಲ. ಹಿಂಬದಿಯ ಸಂದಿಗೆ ಅಡುಗೆಮನೆಯ ಚೂರಿ ತುರುಕಿದ.

ಸುಗುಣ ಬಾಗಿಲಲ್ಲಿ ನಿಂತಿದ್ದಳು. ಆ ಫೋನಿನ ಒಳಗೆ, ಎಡಬದಿಯಲ್ಲಿ, ಪರದೆಯನ್ನು ಬೋರ್ಡಿಗೆ ಜೋಡಿಸುವ ತೆಳುವಾದ ಪಟ್ಟಿಯಿದೆಯೆಂದೂ ಚೂರಿ ಅಲ್ಲಿಗೇ ಹೋಗುತ್ತಿದೆಯೆಂದೂ ಅವಳಿಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಊರವರ ಕಣ್ಣೆದುರು ಅವನ ಮುಖ ಹೇಗಾಗುತ್ತದೆಂದು ನೋಡುವ ಆಸೆಗೆ ಅವಳು ತುಟಿ ಬಿಗಿಹಿಡಿದಳು.

ಪಟ್ಟಿ ಹರಿದ ಸದ್ದು ಒಣಗಿದ ಎಲೆ ಸೀಳಿದಂತೆ ಕೇಳಿಸಿತು.

"ಇದರ್ ಸಾಮಾನ್ ಕುಂದಾಪ್ರದಿಂದ ತರ್ಸ್ಕ್," ಎಂದು ಶೈಲೇಶ ಎದ್ದ. ಹಣೆಯಿಂದ ಬೆವರಿಳಿಯುತ್ತಿತ್ತು. "ನಂಗೆ ಒಂದ್ ಅರ್ಜೆಂಟ್ ಕೆಲ್ಸ ಇತ್ತ್." ಹಿತ್ತಲ ಬಾಗಿಲಿನಿಂದ ಅವನು ಹೋದದ್ದನ್ನು ಬೇಲಿಯಾಚೆಯವರೂ ಕಂಡರು. ಯಾರೋ ಕಿಸಕ್ಕೆಂದರು.

ಅಮ್ಮಣ್ಣಿ ಸುಗುಣಳತ್ತ ತಿರುಗಿದರು. "ಈ ಸಾಮಾನೆಲ್ಲ ಯಾರದ್ದ್?"

"ನಂದ್, ಅಮ್ಮ."

"ನಿಂಗೆ ಬತ್ತಾ ಇದ್?"

"ಬತ್ತ್. ಎರ್ಡ್ ದಿನ ಬೇಕ್."

ಎರಡು ದಿನ ಅವಳು ಬೇರೆ ಯಾವ ಫೋನನ್ನೂ ಮುಟ್ಟಲಿಲ್ಲ. ಅದೇ ಮಾದರಿಯ ಸತ್ತ ಫೋನೊಂದು ಅವಳ ಗುಜರಿ ಡಬ್ಬಿಯಲ್ಲಿತ್ತು, ಅದರಿಂದ ಪಟ್ಟಿ ತೆಗೆದಳು. ಬೋರ್ಡಿನ ಮೇಲೆ ಕಿಲುಬು ಹರಡಿತ್ತು. ಮಾವಿನಹಣ್ಣಿನ ವಾಸನೆ ಬರುತ್ತಿದ್ದ ಆ ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟು, ಮೆತ್ತನೆಯ ಬ್ರಷ್ಷಿನಿಂದ, ಉಸಿರು ಬಿಗಿಹಿಡಿದು ತೊಳೆದಳು. ಸಾಸಿವೆಗಿಂತ ಸಣ್ಣ ಬಿಡಿಭಾಗವೊಂದನ್ನು ಮೂರು ಸಲ ಬೆಸೆದಳು. ಶೈಲೇಶ ಆ ಎರಡು ದಿನವೂ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಅವನ ತಪ್ಪು ಅವನಿಗೆ ಗೊತ್ತಾಗಿದೆಯೇನೋ ಎಂದು ಅವಳಿಗೆ ಒಂದು ಗಳಿಗೆ ಅನಿಸಿತ್ತು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು: "ಗುಂಡ್ ಹೊಡಿ! ಹೊಡಿ! ಥತ್, ಮತ್ತ್ ಬಿಸಿ ಆಯ್ತ್!"

ಸೋಮವಾರ ಅಮ್ಮಣ್ಣಿ ಬಂದಾಗ ಫೋನು ಸಿದ್ಧವಾಗಿತ್ತು. ಅವರು ಕನ್ನಡಕ ಏರಿಸಿ ಆಟ ತೆರೆದರು. ಸಾವಿರದ ನಾನೂರ ಹನ್ನೆರಡು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ, ಅಲ್ಲೇ ಬೆಂಚಿನ ಮೇಲೆ ಕೂತು, ಆ ಮೆಟ್ಟಿಲನ್ನು ಆಡಿ ಮುಗಿಸಿದರು. ಆಮೇಲೆ ತಲೆಯೆತ್ತಿದರು. ತೆರೆದಿದ್ದ ತಗಡಿನ ಡಬ್ಬಿಯ ಮುಚ್ಚಳ ಅವರ ಕಣ್ಣಿಗೆ ಬಿತ್ತು.

"ಅದೆಂತ ಹೆಣ್ಣೆ, ಕುಂಕುಮದ್ ಬೊಟ್ಟಿಟ್ಟಾಂಗೆ?"

"ನೀರ್ ಹೊಕ್ಕ್ರೆ ಕೆಂಪಾಪು ಚೀಟಿ ಅಮ್ಮ. ಹಾಳಾದ್ ಫೋನಿಂದ ತೆಗ್ದದ್."

"ಎಲ್ಲ ಐಸಗಿಟ್ಟದ್ದಾ?"

"ಹೌದ್."

"ನಂದೆಷ್ಟನೇದ್?"

"ಹದ್ನಾಲ್ಕ್."

"ಮೊದ್ಲಿಂದ್ ಯಾವಾಗ ಬಂತ್?"

ಸುಗುಣಳಿಗೆ ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಆಗ ಹೊಳೆಯಿತು. "ತಿಂಗ್ಳಾಯ್ತ್," ಎಂದಳು ಮೆಲ್ಲಗೆ.

ಅಮ್ಮಣ್ಣಿ ಕನ್ನಡಕ ತೆಗೆದರು. ಶನಿವಾರ ಶೈಲೇಶನ ಮೇಲೆ ಬಿದ್ದಿದ್ದ ನೋಟ ಈಗ ಇವಳ ಮೇಲೆ ಬಿತ್ತು. "ಅಂವ ಬೆಪ್ಪ. ಅಂವಂಗೆ ಗೊತ್ತಿಲ್ಲೆ. ನಿಂಗೆ ಗೊತ್ತಿತ್ತಲೆ? ತಿಂಗ್ಳಿಂದ ಗೊತ್ತಿತ್ತ್. ಇಲ್ಲಿ ಕೂಕಂಡ್ ಬೊಟ್ಟ್ ಅಂಟ್ಸ್ತಾ ಇದ್ದೆ. ಬಾಯಿಗೆಂತ ಆಯಿತ್ತ್ ನಿಂಗೆ?"

"ನಾ ಹೇಳ್ರೆ ಅವ್ರ್ ಕೇಂತಿಲ್ಲೆ ಅಮ್ಮ..."

"ಅಂವಂಗಲ್ಲ, ಜನಕ್ಕ್ ಹೇಳೂಕಾಗ್ತಿರ್ಲಿಲ್ಯಾ? ಮೊನ್ನೆ ಅಂವ ಚೂರಿ ಹಾಕುವತ್ತಿಗೆ ನೀ ಬಾಗ್ಲಗೆ ನಿಂತ್ ಕಂಡದ್ ನಾನೂ ಕಂಡೆ. ಅಂವನ್ ಕಂಡ್ರೆ ನಂಗೆ ನಗಿ ಬತ್ತ್. ನಿನ್ನ್ ಕಂಡ್ರೆ ಹೇಸ್ಗಿ ಆತ್ತ್."

ಕೊಡುವುದನ್ನು ಕೊಟ್ಟು, ಕೊಡೆ ತೆಗೆದುಕೊಂಡು ಅವರು ಹೊರಟುಹೋದರು. ಚೆನ್ನಾಗಿ ಮಾಡಿದ್ದೀ ಎಂಬ ಒಂದು ಮಾತೂ ಇಲ್ಲ.

ಸುಗುಣ ಆ ಮಧ್ಯಾಹ್ನವೆಲ್ಲ ಅಮ್ಮಣ್ಣಿಯನ್ನು ಮನಸ್ಸಿನಲ್ಲೇ ಬೈದಳು. ಉಂಡುಟ್ಟು ಗುಂಡು ಒಡೆಯುವವರಿಗೆ ಇನ್ನೊಬ್ಬರ ಮನೆಯ ಸಂಗತಿ ಏನು ಗೊತ್ತು? ಬೈದು ಮುಗಿದ ಮೇಲೂ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಬದುಕದೆ ಹೋದ ಫೋನುಗಳು ಒಂದೊಂದಾಗಿ ನೆನಪಾದವು. ಒಂದು ಮರವಂತೆಯ ಗೇರುಬೀಜ ಕಾರ್ಖಾನೆಯ ಹುಡುಗಿಯದು. "ಮಸ್ಕತ್ತಿನ ಅಣ್ಣ ಕೊಡ್ಸಿದ್ದ್ ಅಕ್ಕ," ಎಂದು ಅವಳು ಎರಡು ಸಲ ಬಂದು ಕೇಳಿ, ಎರಡನೇ ಸಲ ಅತ್ತು ಹೋಗಿದ್ದಳು. ಅವಳು ಅತ್ತ ದಿನವೂ ಸುಗುಣ ಚೀಟಿ ಅಂಟಿಸಿದ್ದಳು.

ಅವಳು ಎದ್ದು ಒಳಗೆ ಹೋದಳು. "ಆ ಐಸಿನ್ ವಿಡಿಯೊ ತೆಗೀರಿ," ಎಂದಳು.

ಶೈಲೇಶ ಬೆಚ್ಚಿಬಿದ್ದ. ಅವಳು ತಾನಾಗಿ ಮಾತಾಡಿಸಿ ತಿಂಗಳ ಮೇಲಾಗಿತ್ತು. "ಎಂತಕೆ?"

"ಅದನ್ನ್ ಕಂಡ್ ಹದ್ನಾಲ್ಕ್ ಫೋನ್ ಹಾಳಾಯ್ತ್. ನನ್ ಹತ್ರ ಬಂದದ್ದೇ ಅಷ್ಟ್."

"ಎಪ್ಪತ್ತ್ ಸಾವ್ರ ಜನ ಕಂಡ್ರಲೆ, ಅವ್ರೆಲ್ಲ ಮಳ್ಳರಾ? ನಿಂಗೆ ಹೊಟ್ಟಿಕಿಚ್ಚ್. ನನ್ನ್ ನಾಲ್ಕ್ ಜನ ಗುರ್ತ ಹಿಡೀತ್ರಲೆ, ಅದಕ್ಕೆ." ಅವನು ಪುನಃ ಫೋನಿನತ್ತ ತಿರುಗಿದ. "ನಾಳೆ ನಾಲ್ಕ್ ಗಂಟಿಗೆ ಲೈವ್ ಇತ್ತ್. ಅಷ್ಟೊತ್ತಿಗೆ ಅಮ್ಮನ್ ಪೆಟ್ಗಿ ತೊಳ್ದಿಡ್."

ಮರುದಿನ ನಾಲ್ಕು ಗಂಟೆಗೆ ಅವನು ಜಗಲಿಯಲ್ಲಿ ಕೂತ. ಒಂದೇ ಫೋನಿನಲ್ಲಿ ಆಟ, ಅದರಲ್ಲೇ ನೇರ ಪ್ರಸಾರ, ಅದಕ್ಕೇ ಚಾರ್ಜರು. ಪರದೆಯ ಮೂಲೆಯಲ್ಲಿ ಅವನ ಮುಖ. ಪಕ್ಕದಲ್ಲಿ ಐಸ್ ತುಂಬಿದ ಪೆಟ್ಟಿಗೆ. ಮುನ್ನೂರು ಜನ ನೋಡುತ್ತಿದ್ದರು. ಜಲಜ ಚಾಪೆಯ ಮೇಲೆ ಕಾಲು ಚಾಚಿಕೊಂಡಿದ್ದಳು.

ಸುಗುಣ ಕೈಯಲ್ಲೊಂದು ಸತ್ತ ಫೋನಿನ ಬೋರ್ಡು ಹಿಡಿದು ಬಂದು ಗಂಡನ ಪಕ್ಕದಲ್ಲಿ ಕೂತಳು. ಬೋರ್ಡನ್ನು ಫೋನಿನ ಕ್ಯಾಮೆರಾದ ಮುಂದೆ ಹಿಡಿದಳು.  

"ನಾ ಇವ್ರ್ ಹೆಂಡ್ತಿ. ಫೋನ್ ರಿಪೇರಿ ಮಾಡ್ತೆ. ಈ ಹಸ್ರ್ ಕಾಣಿ. ಇದ್ ಐಸಗಿಟ್ಟ್ ಹಾಳಾದ್ ಫೋನ್. ಪ್ಲಾಸ್ಟಿಕ್ ಸುತ್ರೂ ಅಷ್ಟೇ, ಫ್ರಿಜ್ಜಗಿಟ್ರೂ ಅಷ್ಟೇ. ಹೊರ್ಗೆ ತೆಗ್ದ್ ಕೂಡ್ಲೆ ಒಳ್ಗೆ ಬೆವರತ್ತ್. ಐಸಗೆ ಇಡೂಕಾಗ..."

"ಏ, ಏಳ್ ಇಲ್ಲಿಂದ!" ಶೈಲೇಶ ಅವಳ ತೋಳು ದೂಡಿದ. ಫೋನನ್ನು ಆಚೆ ತಿರುಗಿಸಲು ಹೋದ, ಚಾರ್ಜರಿನ ವಯರು ಬಿಡಲಿಲ್ಲ.

"ಅವ್ಳ್ ಹೇಳ್ಲಿ ಬಿಡ್," ಎಂದಳು ಚಾಪೆಯ ಮೇಲಿಂದ ಜಲಜ. ಎದ್ದು ಬಂದು ಐಸಿನ ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಇದ್ ನನ್ ಮೀನಿನ್ ಪೆಟ್ಗಿ. ನಾಳಿಗೆ ನಂಗ್ ಬೇಕ್." ಹಾಗೆಂದು ಹಿತ್ತಲಿಗೆ ಹೋದಳು.

ಸುಗುಣ ಬಿಡಲಿಲ್ಲ.  "ಬಿಸಿ ಆರೆ ಆಟ ನಿಲ್ಸಿ. ಚಾರ್ಜರ್ ತೆಗೀರಿ. ಕವರ್ ಬಿಚ್ಚಿ ನೆರಳಗೆ ಬಿಡಿ. ಬಿಸ್ಲಗೆ, ಹಾಸ್ಗಿ ಮೇಲೆ ಇಟ್ಕಂಡ್ ಆಡ್ಬೇಡಿ. ಹಿಂದಿನ್ ಮುಚ್ಚಳ ಉಬ್ಬಿದ್ರೆ ಮುಟ್ಟೂಕೇ ಹೋಯ್ಬೇಡಿ, ರಿಪೇರಿಯವ್ರಿಗೆ ತೋರ್ಸಿ. ಇದ್ ನಂಗೆ ತಿಂಗ್ಳ್ ಹಿಂದೇ ಗೊತ್ತಿತ್ತ್. ಹೇಳ್ಲಿಲ್ಲ. ಅದ್ ನನ್ ತಪ್ಪ್..."

ಅಷ್ಟರಲ್ಲಿ ಪರದೆ ಕಪ್ಪಾಯಿತು. ಫೋನು ಬಿಸಿಯೇರಿ ತಾನಾಗಿ ನಿಂತಿತ್ತು. ಶೈಲೇಶ ಅದನ್ನು ಹಿಡಿದುಕೊಂಡು, ಐಸಿನ ಪೆಟ್ಟಿಗೆ ಇದ್ದ ಜಾಗ ನೋಡಿದ. ಅಲ್ಲಿ ಒಂದು ಒದ್ದೆ ಚೌಕವಷ್ಟೇ ಉಳಿದಿತ್ತು.

ಆ ಒಂದೂವರೆ ನಿಮಿಷವನ್ನು ಯಾರೋ ಕತ್ತರಿಸಿ ವಾಟ್ಸಾಪಿನಲ್ಲಿ ಹಂಚಿದರು. ತಮ್ಮ ಸತ್ತ ಫೋನುಗಳ ಕೆಂಪು ಚೀಟಿಯ ಚಿತ್ರಗಳನ್ನು ಜನ ಶೈಲೇಶನ ವಿಡಿಯೊದ ಕೆಳಗೆ ಒಂದರ ಮೇಲೊಂದು ಹಾಕತೊಡಗಿದರು. ಐಸಣ್ಣ ಹೋಗಿ ನೀರಣ್ಣ ಆದ. ಎರಡು ದಿನ ಬೈಗುಳ ಓದಿ, ಮೂರನೇ ದಿನ ಅವನು ವಿಡಿಯೊ ತೆಗೆದುಹಾಕಿದ. ತಪ್ಪಾಯಿತೆಂದಲ್ಲ, ಹೆಸರು ಕೆಟ್ಟಿತೆಂದು. ಮರುದಿನವೇ ಹಲ್ಲು ಕಿರಿಯುತ್ತ ಕಿಟಕಿಗೆ ಬಂದ.

"ಸುಗುಣ, ನಿನ್ನದ್ ನನ್ನದ್ದಕ್ಕಿಂತ ಜಾಸ್ತಿ ಜನ ಕಂಡಿರ್ ಗೊತ್ತಿತ್ತಾ? ಇಬ್ರೂ ಸೇರಿ ಚಾನೆಲ್ ಮಾಡುವ. ನೀ ಮಾತಾಡ್, ಉಳ್ದದ್ದೆಲ್ಲ ನಾ ಕಂಡ್ಕಂತೆ. ನಾ ಮ್ಯಾನೇಜರ್."

ಸುಗುಣ ಭೂತಗನ್ನಡಿಯಿಂದ ಕಣ್ಣೆತ್ತಿ ಅವನನ್ನು ನೋಡಿದಳು. ಮೊದಲಾಗಿದ್ದರೆ ಸುಮ್ಮನೆ ತಲೆ ತಗ್ಗಿಸಿ ನಗುತ್ತಿದ್ದಳು. "ನಿಮ್ಗೆ ಒಂದ್ ಫೋನ್ ತಣ್ಣಗಿಡೂಕೆ ಬತ್ತಿಲ್ಲೆ. ನನ್ನ್ ಎಂತ ಮ್ಯಾನೇಜ್ ಮಾಡ್ತ್ರಿ?" ಎಂದಳು, ಬೇಲಿಯಾಚೆಗೂ ಕೇಳುವ ಹಾಗೆ.

ವಿಡಿಯೊ ಹೋದರೂ ಅದನ್ನು ಇಳಿಸಿಟ್ಟುಕೊಂಡವರು ಹಂಚುತ್ತಲೇ ಇದ್ದರು. ಮಳೆಗಾಲ ಹಿಡಿಯುವವರೆಗೂ ಐಸಿನ ಫೋನುಗಳು ಬರುತ್ತಲೇ ಇದ್ದವು, ಭಟ್ಕಳದಿಂದಲೂ ಎರಡು ಬಂದವು. ಅವುಗಳಿಗೆ ಸುಗುಣ ಕೂಲಿ ತೆಗೆದುಕೊಳ್ಳಲಿಲ್ಲ. ತಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ, ಒಳಗಿನ ಕಿಲುಬು ತೋರಿಸಿ, ಹೇಳಬೇಕಾದದ್ದನ್ನು ಹೇಳಿಯೇ ಕಳಿಸುತ್ತಿದ್ದಳು. ಕೆಲವರು ಕೇಳಿಸಿಕೊಂಡರು, ಕೆಲವರು ಬೇಸರದಿಂದ ಆಕಳಿಸಿದರು. ಮರವಂತೆಯ ಹುಡುಗಿಯ ಮನೆ ಹುಡುಕಿಕೊಂಡು ಹೋಗಿ, ತನ್ನ ಕೈಯಾರೆ ಜೋಡಿಸಿದ ಹಳೆಯ ಫೋನೊಂದನ್ನು ಕೊಟ್ಟು ಬಂದಳು. ಹುಡುಗಿ ತೆಗೆದುಕೊಂಡಳು, ಆದರೆ ಒಳಗೆ ಕರೆಯಲಿಲ್ಲ.

ಜುಲೈ ಕೊನೆಯಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಪುನಃ ಕಡಲಿಗೆ ಇಳಿಯುವ ಮುನ್ನಾ ವಾರ, ಶೈಲೇಶ ಏನೂ ಹೇಳದೆ ಬಂದು ತನ್ನ ಫೋನನ್ನು ಕಿಟಕಿಯ ಹಲಗೆಯ ಮೇಲಿಟ್ಟ. ಬ್ಯಾಟರಿ ಉಬ್ಬಿ, ಹಿಂಬದಿಯ ಮುಚ್ಚಳ ಹಪ್ಪಳದಂತೆ ಎದ್ದು ನಿಂತಿತ್ತು.

ಸುಗುಣ ಅದನ್ನು ಮೆಲ್ಲನೆ ಎತ್ತಿ ಉಬ್ಬಿದ ಬ್ಯಾಟರಿಗಳಿಗೆಂದು ಪಕ್ಕದಲ್ಲಿಟ್ಟಿದ್ದ ಮರಳಿನ ಬಕೆಟ್ಟಿನಲ್ಲಿಟ್ಟಳು. "ಇದ್ ಬೆಂಕಿ ಹೊತ್ತ್ಕಣ್ತಿತ್ತ್. ನಿಮ್ಮ್ ಕೈಯಗೇ."

"ಹೊಸ ಬ್ಯಾಟ್ರಿ ಹಾಕ್ರೆ ಆಟ ಆಡ್ಲಕ್ಕಲ್ದಾ?" ಎಂದ ಶೈಲೇಶ.

 ಅವಳು ಕಾಗದದ ಚೀಟಿಯೊಂದನ್ನು ಹರಿದು, ಅವನ ಹೆಸರು ಬರೆದು, ಬಕೆಟ್ಟಿಗೆ ಅಂಟಿಸಿದಳು.

"ಮುಂದೆ ನಾಲ್ಕ್ ಫೋನ್ ಇತ್ತ್. ಸರದಿ ಬಂದಾಗ ಕಾಂಬ," ಎಂದಳು. ಅವನು ಮಾಡಲು ಬೇರೇನೂ ತೋಚದೆ, ಬಂದರಿನ ಕಡೆಗೆ ನಡೆದ.